ವರ್ಷಕ್ಕೊಂದು ಮಾಫಿ

ವೈನಿ ತೀರಿಕೊಂಡ ವಾರದೊಳಗೆ ಗುಡಿಯ ಪಂಚರು ನಮ್ಮ ಓಣಿಯ ಮಠದ ಕಟ್ಟೆಯ ಮೇಲೆ ಸಂತಾಪ ಸಭೆ ಮಾಡಿದರು. ಜಮಖಾನೆ ಹಾಸಿ ಊದಿನಕಡ್ಡಿ ಹಚ್ಚಿದ್ದರು. ವೈನಿ ಜನ್ಮದಲ್ಲಿ ಫೋಟೋ ತೆಗೆಸಿಕೊಂಡವರಲ್ಲ, ಹೀಗಾಗಿ ಒಂದು ಖಾಲಿ ಕುರ್ಚಿಗೆ ಹಾರ ಹಾಕಿದ್ದರು. ಅಧ್ಯಕ್ಷರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಈ ತಾಯಿ ವಿನಯ ನೋಡ್ರಿ. ವರ್ಷಾ ವರ್ಷಾ ತಪ್ಪದ ನೆಲಕ್ಕ ಮೂಗು ತಿಕ್ಕಿ ದೇವರಿಗೆ ಮಾಫಿ ಕೇಳ್ತಿದ್ರು. ಇಂಥಾ ಭಕ್ತಿ ಇನ್ನ ಯಾರಿಗೆ ಬರತದ?"

ಎಲ್ಲರೂ ತಲೆಯಾಡಿಸಿದರು. ಯಾತಕ್ಕೆ ಮಾಫಿ ಕೇಳುತ್ತಿದ್ದರು ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ಆಮೇಲೆ ಎಲ್ಲರಿಗೂ ಚಹಾ ಕೊಟ್ಟರು. ನಾನು ಚಹಾ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ಎಲ್ಲ ರೊಟ್ಟಿಯೂ ಹರಿದವು. ನಮ್ಮ ಯಜಮಾನರು ಹರಿದ ರೊಟ್ಟಿಯನ್ನು ಮಾತಾಡದೆ ಉಂಡರು. ಅಷ್ಟಾದರೂ ಉಪಕಾರ ಮಾಡಿದರಲ್ಲ ಎಂದುಕೊಂಡೆ. ಆದರೆ ಸಿಟ್ಟು ಇಳಿಯಲಿಲ್ಲ. ಇಂದಿಗೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಅವರು ಓಣಿಗೆಲ್ಲ ವೈನಿ. ಅವರ ಗಂಡನೂ ಒಮ್ಮೊಮ್ಮೆ ಬಾಯಿ ತಪ್ಪಿ ವೈನಿ ಎಂದು ಕರೆದು ಬೈಸಿಕೊಳ್ಳುತ್ತಿದ್ದರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಮನ್ನಾಏಖೇಳ್ಳಿಯಿಂದ ಹುಮನಾಬಾದಿಗೆ ಸೊಸೆಯಾಗಿ ಬಂದೆ. ಬಂದ ಮೊದಲ ವಾರವೇ ಅವರು ಕೇಳದೆ ನಮ್ಮ ಅಡುಗೆಮನೆಗೆ ನುಗ್ಗಿ, ನೀರಿನ ಹರವಿಯ ಮೇಲೆ ಮುಚ್ಚಳವಿಲ್ಲದ್ದನ್ನು ನೋಡಿ ನನ್ನನ್ನು ಜಾಡಿಸಿದರು.

"ಏನವ್ವಾ, ನಿಮ್ಮೂರಾಗ ನೀರು ಬತ್ತಲೆ ಇರತದೇನು? ಮುಚ್ಚು ಅದನ್ನ!"

ನನಗೆ ಅವರು ಮೊದಲ ನಾಲ್ಕಾರು ವರ್ಷ ಸೇರಲೇ ಇಲ್ಲ. ಬಾಯಿ ದೊಡ್ಡದು. ನಮ್ಮ ಮನೆಯ ಹಿಟ್ಟು ಸೋಸುವ ಸಾಣಿಗೆ ಒಯ್ದರೆ ತಿರುಗಿ ಬರುತ್ತಿರಲಿಲ್ಲ, ಕೇಳಿದರೆ "ನಿನ್ನ ಸಾಣಿಗಿ ನಾ ತಿನ್ನಾಕತ್ತೇನೇನು?" ಎನ್ನುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಕೊಟ್ಟರೆ ತಿಂದು, ಬೆರಳು ನೆಕ್ಕಿ, "ಪರವಾಗಿಲ್ಲ" ಎನ್ನುವುದು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲೇ ಇಲ್ಲವೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಬಾವಿಯ ಕಟ್ಟೆಯಲ್ಲಿ ಜಗಳವಾದರೆ ಎರಡೂ ಕಡೆಯವರನ್ನು ಬೈದು ನಡುವೆ ತಮ್ಮ ಕೊಡ ತುಂಬಿಕೊಂಡು ಹೋಗುವ ಹೆಂಗಸು.

ದೇವರ ವಿಷಯಕ್ಕೆ ಬಂದರೆ ಮಾತ್ರ ಅವರು ಬೇರೆ ಮನುಷ್ಯರಾಗುತ್ತಿದ್ದರು. ಆ ಬಾಯಿ ಮುಚ್ಚುತ್ತಿತ್ತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತರೆ, ಹಾಲು ಉಕ್ಕಿ ಒಲೆ ನಂದಿದರೂ ಏಳುತ್ತಿರಲಿಲ್ಲ. ನೇಮವೆಂದರೆ ನೇಮ. ಹೆದರಿಕೆಯೂ ಅಷ್ಟೇ ಇತ್ತು. ನಾನೂ ದೇವರನ್ನು ನಂಬಿದವಳೇ, ಆದರೆ ನನ್ನ ದೇವರು ಸ್ವಲ್ಪ ತಾಯಿಯ ಹಾಗೆ. ವೈನಿಯ ದೇವರು ಅತ್ತೆಯ ಹಾಗೆ. ಸಣ್ಣದೊಂದು ತಪ್ಪಾದರೂ ನೋಡಿ ಇಟ್ಟುಕೊಳ್ಳುವವನು.

ಕಲ್ಯಾಣದ ಈಚೆ, ಮಡ್ಡಿ ಬಯಲು ದಾಟಿದ ಮೇಲೆ, ಒಂದು ಹಳೆಯ ಶಿವನ ಗುಡಿ ಇದೆ. ಹೆಸರು ಹೇಳುವುದಿಲ್ಲ, ತಪ್ಪು ದೇವರದಲ್ಲ. ವೈಶಾಖದಲ್ಲಿ ದೇವರಿಗೂ ಸೆಕೆಯಾಗುತ್ತದೆಂದು ನಮ್ಮ ಕಡೆಯ ಹೆಂಗಸರು ಹುಮನಾಬಾದಿನ ಹೊರಗಿನ ಒಂದು ಸಿಹಿನೀರಿನ ಬಾವಿಯಿಂದ ನೀರು ಹೊತ್ತು, ನಡೆದುಕೊಂಡೇ ಹೋಗಿ, ತಮ್ಮ ಕೈಯಿಂದಲೇ ಲಿಂಗದ ಮೇಲೆ ಹೊಯ್ಯುವ ಪದ್ಧತಿ. ಸಣ್ಣ ಹಿತ್ತಾಳೆಯ ಕೊಡ, ಬಾಯಿಗೆ ಬಿಳಿ ಬಟ್ಟೆ ಕಟ್ಟಿರಬೇಕು. ಇಬ್ಬರಿಗೆ ಒಂದು ಕೊಡ. ಒಬ್ಬಳಿಗೆ ದಣಿವಾದರೆ ಇನ್ನೊಬ್ಬಳು ತಲೆಗೆ ತೆಗೆದುಕೊಳ್ಳಬೇಕು, ಯಾಕೆಂದರೆ ಒಮ್ಮೆ ತಲೆಗೇರಿದ ಕೊಡ ನೆಲಕ್ಕೆ ತಾಕಬಾರದು. ಅದು ಮೀಸಲು ನೀರು. ಕಾಲಿಗೆ ಚಪ್ಪಲಿ ಇರಬಾರದು. ಹೊರಟಲ್ಲಿಂದ ದೇವರಿಗೆ ಹೊಯ್ಯುವವರೆಗೆ ಹೊತ್ತವರು ನೀರು ಕುಡಿಯಬಾರದು. ಕುಡಿಯುವ ನೀರನ್ನು ಜೊತೆಗೆ ಒಯ್ದರೆ ಮೀಸಲು ಎಂಜಲಾಯಿತು ಎಂದು ಲೆಕ್ಕ.

ಇದು ಕೇಳಿದರೆ ಕಠಿಣವೆನಿಸುತ್ತದೆ. ಆದರೆ ನಾನು ಹೋಗತೊಡಗಿದಾಗ ಕಠಿಣವಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಿದ್ದೆವು. ನಾಲ್ಕು ಹರದಾರಿ ಹಾದಿ. ಬಿಸಿಲೇರುವ ಮುಂಚೆ ಮಡ್ಡಿ ದಾಟಿ, ಹೊಟ್ಟೆ ಹಸಿಯುವ ಹೊತ್ತಿಗೆ ಗುಡಿಯ ಕಟ್ಟೆಯ ಮೇಲೆ ಕೂತು ಕಾಲು ನೀಡುತ್ತಿದ್ದೆವು. ಹಳಬರು ನೇಮ ಮಾಡುವಾಗ ಸೂರ್ಯನನ್ನು ನೋಡಿ ಮಾಡಿದ್ದರು. ಮಕ್ಕಳ ಕಾಟ, ಅತ್ತೆಯ ಕಾಟ ಬಿಟ್ಟು ವರ್ಷಕ್ಕೊಂದು ದಿನ ಹಾಡುತ್ತ ನಡೆಯುವುದು ನಮ್ಮಂಥವರಿಗೆ ಸಿಕ್ಕ ಭಾಗ್ಯವೇ ಆಗಿತ್ತು.

ಆಮೇಲೆ ಪಂಚಕಮಿಟಿಯಾಯಿತು. ಬಾವಿಯ ಹತ್ತಿರ ಪೆಂಡಾಲು ಬಂತು. ಮೈಕು ಬಂತು. ವರ್ಷಕ್ಕೊಬ್ಬ ದೊಡ್ಡ ಮನುಷ್ಯರನ್ನು ಕರೆಸಿ, ಅವರು ಮೊದಲ ಕೊಡಕ್ಕೆ ಹೂ ಏರಿಸಿದ ಮೇಲೆಯೇ ಹೊರಡಬೇಕೆಂದಾಯಿತು. ದೊಡ್ಡ ಮನುಷ್ಯರು ಕೋಳಿ ಕೂಗುವ ಹೊತ್ತಿಗೆ ಏಳುವವರೇ? ಸ್ನಾನ ಮಾಡಿ, ನಾಷ್ಟಾ ಮಾಡಿ, ಜೀಪಿನಲ್ಲಿ ಬರುವ ಹೊತ್ತಿಗೆ ಬಾವಿಯ ಕಟ್ಟೆಯ ನೆರಳು ಕಟ್ಟೆಯ ಬುಡಕ್ಕೆ ಸರಿದಿರುತ್ತಿತ್ತು. ಬಂದ ಮೇಲೆ ಭಾಷಣ. ಸ್ತ್ರೀಯರ ತ್ಯಾಗ, ಸ್ತ್ರೀಯರ ಸಹನೆ. ಸಹಿಸಿಕೊಂಡು ಕೇಳಬೇಕು. ಅಷ್ಟೆಲ್ಲ ಆಗಿ ನಮ್ಮ ತಲೆಗೆ ಕೊಡ ಏರಿಸಿ, ಅವರು ಅದೇ ಜೀಪಿನಲ್ಲಿ ಡಾಂಬರು ರಸ್ತೆ ಹಿಡಿದು ಮುಂದೆ ಹೋಗಿ ಗುಡಿಯ ಬೇವಿನ ನೆರಳಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು.

ನಾವು ಮಡ್ಡಿಯ ಮೇಲೆ.

ಆ ಮಡ್ಡಿಯನ್ನು ಕಾಣದವರಿಗೆ ಹೇಗೆ ಹೇಳಲಿ? ಕೆಂಪು ಕಲ್ಲಿನ ಬಯಲು. ಗಿಡವಿಲ್ಲ, ಬಾವಿಯಿಲ್ಲ, ಒಂದು ಕುರಿಯೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೋಡಲು ಚಂದ. ವೈಶಾಖದ ಮಧ್ಯಾಹ್ನ ಮೇಲಿಂದ ಬಿಸಿಲು ಬೀಳುತ್ತದೆ, ಕೆಳಗಿಂದ ಕಲ್ಲು ಉಗುಳುತ್ತದೆ. ನಡುವೆ ಜಳ ಬೀಸಿದರೆ ಕಣ್ಣಿನ ನೀರೂ ಆರಿಹೋಗುತ್ತದೆ. ಮೊದಲು ಹಾಡು ನಿಲ್ಲುತ್ತದೆ. ಆಮೇಲೆ ಮಾತು ನಿಲ್ಲುತ್ತದೆ. ಆಮೇಲೆ ಬೆವರೂ ನಿಲ್ಲುತ್ತದೆ, ಅಲ್ಲಿಂದ ಮುಂದೆ ದೇವರೇ ಗತಿ. ತಲೆಯ ಮೇಲೆ ಕೊಡದೊಳಗೆ ನೀರು ಕುಲುಕುವ ಸದ್ದು ಮಾತ್ರ ಹೆಜ್ಜೆ ಹೆಜ್ಜೆಗೆ ಕೇಳಿಸುತ್ತಲೇ ಇರುತ್ತದೆ. ಬಾಯಾರಿದವರ ಕಿವಿಯ ಪಕ್ಕದಲ್ಲಿ ನೀರನ್ನು ಕುಲುಕಿಸುತ್ತ ನಡೆಸುವುದಕ್ಕಿಂತ ದೊಡ್ಡ ಶಿಕ್ಷೆ ಯಾವ ನರಕದಲ್ಲಿದೆಯೋ ನನಗೆ ತಿಳಿಯದು.

ಹೊತ್ತಿಗೆ ಮುಂಚೆ ಬಿಡಿರೆಂದು ಹೆಂಗಸರು ಕೇಳದೆ ಇರಲಿಲ್ಲ. ಅಧ್ಯಕ್ಷರು ನಕ್ಕರು. "ದೇವರ ಕೆಲಸಕ್ಕ ಬಿಸಿಲು ಅಂದ್ರ ಹ್ಯಾಂಗ್ರಿ ತಾಯಂದ್ರ? ಕಷ್ಟ ಬಿದ್ದಷ್ಟು ಪುಣ್ಯ ಜಾಸ್ತಿ." ಹಾಗಿದ್ದರೆ ಅವರೇಕೆ ಜೀಪಿನಲ್ಲಿ ಹೋಗುತ್ತಿದ್ದರು? ಅವರಿಗೆ ಪುಣ್ಯ ಬೇಡವಾಗಿತ್ತೇ?

ಒಂದು ವರ್ಷ ಮುದುಕಿಯೊಬ್ಬಳು ಮಡ್ಡಿಯ ನಡುವೆ ಕೂತಳು. ಕೂತವಳು ಏಳಲಿಲ್ಲ. ಅವಳ ತಲೆಯ ಮೇಲಿದ್ದ ಕೊಡವನ್ನು ನೆಲಕ್ಕೆ ಬೀಳದಂತೆ ಹಿಡಿದುಕೊಳ್ಳುವುದೇ ಎಲ್ಲರಿಗೂ ಮೊದಲ ಕೆಲಸವಾಯಿತು. ಹಾಗೆ ಹಿಡಿದವರು ವೈನಿ. ಆ ತುಂಬಿದ ಕೊಡವನ್ನು ಹೊತ್ತು, ತುಳುಕಿಸದೆ, ಗುಡಿ ಮುಟ್ಟಿಸಿದರು. ಪಂಚರು ಮುದುಕಿಯ ಸುದ್ದಿ ಕೇಳಿ ಕೈ ಮುಗಿದರು. "ಪುಣ್ಯವಂತಿ. ದೇವರ ಹಾದ್ಯಾಗ ಹೋದಳು." ವೈನಿಗೆ, "ಮೀಸಲ ಕಾಪಾಡಿದ್ರಿ" ಎಂದು ಎಲ್ಲರೆದುರು ಶಾಲು ಹೊದಿಸಿದರು. ಸುಡುಬಿಸಿಲಲ್ಲಿ ಉಣ್ಣೆ ಶಾಲು! ವೈನಿ ಅದನ್ನು ಮನೆಗೆ ತಂದು ಹಾಸಿಗೆಯ ಪೆಟ್ಟಿಗೆಯ ತಳಕ್ಕೆ ಹಾಕಿದರು. ಚಳಿಗಾಲದಲ್ಲಿ ನಾನು ಕೇಳಿದೆ, ಹೊದ್ದುಕೊಳ್ಳುವುದಿಲ್ಲವೇ ಎಂದು. ಅವರು ನನ್ನ ಕಡೆ ನೋಡದೆ ಜೋಳ ಹಸನು ಮಾಡುತ್ತಲೇ ಇದ್ದರು. "ಭಾಳ ಭಾರ ಐತಿ ಅದು" ಎಂದರು.

ಕೊಡಂಬಲದ ಸೊಸೆಯ ಘಟನೆ ನಡೆದದ್ದು ಅದಾದ ಮರುವರ್ಷವೋ ಅದರಾಚೆಯ ವರ್ಷವೋ.

ಕೊಡಂಬಲದಿಂದ ನಮ್ಮ ಓಣಿಗೆ ಹೊಸದಾಗಿ ಬಂದ ಹುಡುಗಿ, ಮದುವೆಯಾಗಿ ಮೊದಲ ಬೇಸಿಗೆ. ಅವಳತ್ತೆ ಹರಕೆ ಹೊತ್ತಿದ್ದಳು, ಸೊಸೆಯನ್ನು ಹೊರಡಿಸಿದ್ದಳು. ಅತ್ತೆ ಸೊಸೆ ಇಬ್ಬರಿಗೂ ಸೇರಿ ಒಂದು ಕೊಡ, ಆದರೆ ಹೊತ್ತದ್ದು ಪೂರ್ತಿ ಸೊಸೆಯೇ. ಆ ವರ್ಷ ದೊಡ್ಡ ಮನುಷ್ಯರು ಇನ್ನೂ ತಡವಾಗಿ ಬಂದರು. ನಾವು ಮಡ್ಡಿ ಏರಿದಾಗ ನಮ್ಮ ನೆರಳು ಕಾಲಿನ ಕೆಳಗೇ ಇತ್ತು. ವೈನಿ ಮತ್ತು ನನ್ನ ಪಾಲಿಗೆ ಒಂದು ಕೊಡ. ಆಗ ಅದು ನನ್ನ ತಲೆಯ ಮೇಲಿತ್ತು.

ಮುಂದೆ ಹೋಗುತ್ತಿದ್ದ ಹುಡುಗಿ ಹಾದಿ ಬಿಟ್ಟು ಎಡಕ್ಕೆ ನಡೆಯತೊಡಗಿದಳು. ಅತ್ತೆ ಕೂಗಿದಳು, "ಏ, ಎಲ್ಲಿಗ ಹೊಂಟಿ? ಹಾದಿ ಇಲ್ಲೈತಿ!" ಹುಡುಗಿ ತಿರುಗಿ ನಕ್ಕಳು. "ನಮ್ಮವ್ವ ಕರ್ಯಾಕತ್ತಾಳ್ರಿ. ಕೆರಿ ದಂಡ್ಯಾಗ ನಿಂತಾಳ" ಎಂದಳು. ಎಲ್ಲಿಯ ಕೆರೆ? ಎಲ್ಲಿಯ ಅವ್ವ? ಹಾಗೇ ಮಂಡಿಯೂರಿ ಕುಸಿದಳು. ಅವಳ ಕೊಡವನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಹುಡುಗಿಯ ತೋಳು ಮುಟ್ಟಿದೆ. ಹಂಚು ಮುಟ್ಟಿದ ಹಾಗೆ. ಒಂದು ಹನಿ ಬೆವರಿಲ್ಲ. ಕಣ್ಣು ಮೇಲಕ್ಕೆ ಹೋಗಿತ್ತು.

"ಜಳ ಬಡದೈತಿ" ಎಂದು ಯಾರೋ ಅಂದರು. ಎಲ್ಲರೂ ಶಿವ ಶಿವ ಎಂದರು. ನಮ್ಮ ಸುತ್ತ ತುಂಬಿದ ಕೊಡಗಳೇ ನಿಂತಿದ್ದವು, ಎಲ್ಲವೂ ತಲೆಗಳ ಮೇಲೆ. ಒಂದೂ ಕೆಳಗಿಳಿಯಲಿಲ್ಲ.

ವೈನಿ ನನ್ನ ಮುಂದೆ ಬಂದು, ನನ್ನ ತಲೆಯ ಮೇಲಿನ ಕೊಡವನ್ನು ಎರಡು ಕೈಯಿಂದ ಎತ್ತಿಕೊಂಡರು. ಹಲ್ಲಿನಿಂದ ಬಾಯಿಕಟ್ಟಿನ ಗಂಟು ಬಿಚ್ಚಿದರು. ಹುಡುಗಿಯ ಅತ್ತೆಗೆ ಆಗ ಗೊತ್ತಾಯಿತು.

"ವೈನಿ! ಮೀಸಲ ನೀರ್ರಿ ಅದು! ನನ್ನ ಮನಿತನ ಹಾಳಾಗತದ, ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ!"

"ಬೀಳಬ್ಯಾಡ. ನೀ ಬಿದ್ರ ನಿನಗ ಹೊಯ್ಯಾಕ ಇನ್ನೊಂದು ಕೊಡ ಎಲ್ಲಿಂದ ತರಲಿ?" ಎಂದರು ವೈನಿ. ಎಂದು, ಸುರಿದರು. ಮೊದಲು ನೆತ್ತಿಗೆ, ಆಮೇಲೆ ಕುತ್ತಿಗೆಗೆ, ಕಂಕುಳಿಗೆ, ಎದೆಗೆ. ಕಲ್ಲಿನ ಮೇಲೆ ಬಿದ್ದ ನೀರು ನೋಡುತ್ತಿದ್ದ ಹಾಗೆಯೇ ಇಂಗಿಹೋಯಿತು. ತಮ್ಮ ಸೆರಗನ್ನು ತೋಯಿಸಿ ಮುಖಕ್ಕೆ ಒತ್ತಿದರು. ಆಮೇಲೆ ನಮ್ಮ ಕಡೆ ತಿರುಗಿ ಆ ಬಾಯಿ ಬಿಟ್ಟರು, "ಸುಮ್ಮ ನಿಂತೀರಲ್ಲ ಕಂಬ ನಿಂತಂಗ! ನೆರಳಾದ್ರೂ ಮಾಡ್ರೇ!"

ಹೆಂಗಸರು ಸುತ್ತ ಒತ್ತಾಗಿ ನಿಂತು ಸೆರಗು ಹರಡಿ ಹಿಡಿದರು. ತಲೆಯ ಮೇಲೆ ಕೊಡ, ಕೈಯಲ್ಲಿ ಸೆರಗು. ಆ ಮಡ್ಡಿಯ ಮೇಲೆ ಅವತ್ತು ಇದ್ದ ನೆರಳು ಅದೊಂದೇ. ವೈನಿ ಉಳಿದ ನೀರನ್ನು ಹನಿ ಹನಿಯಾಗಿ ಹುಡುಗಿಯ ಬಾಯಿಗೆ ಬಿಟ್ಟರು. ಬಹಳ ಹೊತ್ತಿನ ಮೇಲೆ ಹುಡುಗಿ ಕೆಮ್ಮಿದಳು. ಕೆಮ್ಮಿದಳಲ್ಲ ಶಿವನೇ ಎಂದು ನಾನು ಅಲ್ಲೇ ಕೈ ಮುಗಿದೆ. ಆಚೆ ಡಾಂಬರು ರಸ್ತೆಗೆ ಎತ್ತಿಕೊಂಡು ಹೋದೆವು. ಕಡಪಾಕಲ್ಲು ಹೇರಿಕೊಂಡು ಬರುತ್ತಿದ್ದ ಲಾರಿಯವನು ಪುಣ್ಯಾತ್ಮ, ಕೇಳಿದ ಕೂಡಲೇ ನಿಲ್ಲಿಸಿ ಅವಳನ್ನು ಗುಡಿಯವರೆಗೆ ತಂದುಬಿಟ್ಟ.

ಗುಡಿಯಲ್ಲಿ ಕೊಡಗಳನ್ನು ಒಂದೊಂದಾಗಿ ಒಳಗೆ ಬಿಡುತ್ತಿದ್ದರು. ನಮ್ಮ ಸರದಿ ಬಂದಾಗ ವೈನಿ ಖಾಲಿ ಕೊಡವನ್ನು ಬೋರಲು ಮಾಡಿ ತೋರಿಸಿದರು.

"ನೀರೆಲ್ಲಿ?" ಎಂದರು ಅಧ್ಯಕ್ಷರು.

"ಹುಡುಗಿ ಮ್ಯಾಲ ಹೊಯ್ದೆ."

"ಮೀಸಲ ನೀರು?"

"ಹೌದ್ರಿ. ಮಡ್ಡ್ಯಾಗ ಬ್ಯಾರೆ ನೀರು ಇರಲಿಲ್ಲ."

ಆ ಹುಡುಗಿ ಅಲ್ಲೇ ಗುಡಿಯ ಕಟ್ಟೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿದ್ದಳು. ಹೇಗಿದ್ದಾಳೆ ಎಂದು ಒಬ್ಬರಾದರೂ ಕೇಳಬೇಕೋ ಬೇಡವೋ? ಕೇಳಲಿಲ್ಲ. ದೇವರಿಗೆ ಒಂದು ಕೊಡ ನೀರು ಕಡಿಮೆಯಾಯಿತು, ಊರಿಗೆ ಕೇಡು ಬಂದರೆ ಯಾರು ಹೊಣೆ, ಇದೇ ಚರ್ಚೆ. ಶರಬತ್ತಿನ ಲೋಟಗಳು ಅವರ ಕೈಯಲ್ಲೇ ಇದ್ದವು. ನನ್ನ ಹೆಸರೂ ಬಂತು, ಕೊಡ ನನ್ನ ತಲೆಯ ಮೇಲಿತ್ತಲ್ಲ. ವೈನಿ ಅಡ್ಡ ಬಂದರು. "ಇಕಿ ಏನೂ ಮಾಡಿಲ್ಲ. ಇಕಿ ತಲಿ ಮ್ಯಾಲಿಂದ ನಾ ಕಸಗೊಂಡೆ. ಇಕಿಗೆ ಅಷ್ಟು ತಿಳಿಯೂ ಇಲ್ಲ." ನನ್ನನ್ನು ಉಳಿಸುವಾಗಲೂ ಒಂದು ಮಾತು ಚುಚ್ಚದೆ ಬಿಡಲಿಲ್ಲ.

ತೀರ್ಮಾನವಾಯಿತು. ಎಲ್ಲರೆದುರು ನೆಲಕ್ಕೆ ಮೂಗು ತಿಕ್ಕಿ ಮಾಫಿ ಕೇಳುವವರೆಗೆ ವೈನಿ ಕೊಡ ಹೊರುವಂತಿಲ್ಲ, ಆ ಗುಡಿಯ ಹೊಸ್ತಿಲು ತುಳಿಯುವಂತಿಲ್ಲ. ಶಾಲು ಹೊದಿಸಿದ ಅದೇ ಕೈಗಳು!

ವೈನಿ ಮಾಫಿ ಕೇಳಲಿಲ್ಲ. ವರ್ಷವಿಡೀ ಬಿಗಿದುಕೊಂಡೇ ಇದ್ದರು. ನನಗೆ ಹೆಮ್ಮೆಯಾಗಿತ್ತು. ಓಣಿಯಲ್ಲಿ ಯಾರಾದರೂ ಆ ಮಾತೆತ್ತಿದರೆ ನಾನೇ ಮುಂದೆ ಬಿದ್ದು ಜಗಳ ಮಾಡುತ್ತಿದ್ದೆ. ಕೊಡಂಬಲದ ಹುಡುಗಿಯ ಅತ್ತೆ ಮೊದಲು ಬೈಯುತ್ತಿದ್ದವಳು, ಮಳೆಗಾಲದ ಹೊತ್ತಿಗೆ ಸೊಸೆಯ ಕೈಯಲ್ಲಿ ವೈನಿಯ ಮನೆಗೆ ಮಜ್ಜಿಗೆ ಕಳಿಸತೊಡಗಿದಳು. ಅಷ್ಟಾದರೂ ಆಯಿತಲ್ಲ.

ಮುಂದಿನ ವೈಶಾಖ ಬಂತು. ಬಾವಿಯ ಪೆಂಡಾಲಿನಲ್ಲಿ ನಾವು ಕೊಡ ತುಂಬಿಕೊಂಡು ಕೂತಿದ್ದೆವು, ದೊಡ್ಡ ಮನುಷ್ಯರ ಜೀಪು ಇನ್ನೂ ಬಂದಿರಲಿಲ್ಲ. ವೈನಿ ಬಂದರು. ನೆಟ್ಟಗೆ ಪಂಚರ ಮುಂದೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಬಾಗಿ ಮೂಗು ತಿಕ್ಕಿದರು. "ತಪ್ಪಾತು. ಮಾಫ ಮಾಡ್ರಿ." ಎದ್ದು, ಮೂಗಿನ ಮಣ್ಣು ಒರೆಸಿಕೊಳ್ಳದೆ ನನ್ನ ಪಕ್ಕ ಬಂದು ಕೂತರು.

ನನಗೆ ಮೈಯೆಲ್ಲ ಉರಿಯಿತು. "ಯಾಕ ಕೇಳಿದ್ರಿ ವೈನಿ? ಏನು ತಪ್ಪಿತ್ತು ನಿಮ್ದು? ಹುಡುಗಿ ಸಾಯಬೇಕಿತ್ತೇನು?"

"ಮೆಲ್ಲಗ ಮಾತಾಡು. ಹೊರಗ ಕುಂತು ನ್ಯಾಯ ಹೇಳಿದ್ರ ಯಾರ ಬಾಯಾಗೂ ನೀರು ಬೀಳಂಗಿಲ್ಲ. ನನ್ನ ತಲಿ ಮ್ಯಾಲ ಕೊಡ ಇರಬೇಕು."

ನನಗೆ ಆಗ ಅರ್ಥವಾಗಲಿಲ್ಲ. ಮಡ್ಡಿಯ ನಡುವೆ ಬಂದಾಗ ಅರ್ಥವಾಯಿತು. ಹಾಡು ನಿಂತಿತ್ತು, ಮಾತು ನಿಂತಿತ್ತು. ಯಾರೂ ಬಿದ್ದಿರಲಿಲ್ಲ, ಇನ್ನೂ. ವೈನಿ ನಿಂತರು. ತಲೆಯ ಮೇಲಿನ ಕೊಡವನ್ನು ಇಳಿಸಿ, ಎಲ್ಲರೂ ನೋಡುವ ಹಾಗೆ, ಕೆಂಪು ಕಲ್ಲಿನ ಮೇಲೆ ಇಟ್ಟರು. ಹಿತ್ತಾಳೆಯು ಕಲ್ಲಿಗೆ ತಾಕಿದ ಸದ್ದಿಗೆ ಎಲ್ಲರೂ ಬೆಚ್ಚಿದರು.

"ನೆಲಕ್ಕ ತಾಕೇತಿ. ಇನ್ನ ಇದು ಮೀಸಲ ಅಲ್ಲ, ಬರೇ ನೀರು. ಬರ್ರಿ, ಕುಡೀರಿ. ಪಾಪ ನಂದು, ನೀರು ನಿಮ್ದು."

ಯಾರೂ ಬರಲಿಲ್ಲ. ಕೊಡಂಬಲದ ಹುಡುಗಿ ಬಂದಳು. ಅವಳ ಹಿಂದೆ ಅವಳತ್ತೆ. ಆಮೇಲೆ ನಾನು. ಆಮೇಲೆ ಸಾಲು ಹತ್ತಿತು. ಒಂದೊಂದು ಗುಟುಕು, ಅಷ್ಟೇ ಸಿಕ್ಕಿತು. ಆ ಗುಟುಕಿನ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ವೈನಿ ಮಾತ್ರ ಕುಡಿಯಲಿಲ್ಲ. ತಮ್ಮ ನೇಮ ತಾವು ಮುರಿಯಲಿಲ್ಲ.

ಗುಡಿಯಲ್ಲಿ ಮತ್ತೆ ಖಾಲಿ ಕೊಡ. ಮತ್ತೆ ಬಹಿಷ್ಕಾರ. ಮುಂದಿನ ವರ್ಷ ಮತ್ತೆ ಮಾಫಿ. ಮತ್ತೆ ಮಡ್ಡಿಯ ಮೇಲೆ ಕೊಡ ನೆಲಕ್ಕೆ. ಹೀಗೇ ವರ್ಷ ವರ್ಷ. ಪಂಚರು ಒಂದೆರಡು ಸಲ ಕೂಗಾಡಿದರು. ವೈನಿಗೆ ಕೊಡ ಕೊಡುವುದೇ ಇಲ್ಲ ಎಂದಾಗ ಹೆಂಗಸರು ಯಾರೂ ಏಳಲಿಲ್ಲ, ಸುಮ್ಮನೆ ಕೂತೆವು. ದೊಡ್ಡ ಮನುಷ್ಯರು ಕುರ್ಚಿಯಲ್ಲಿ ಕಾಯುತ್ತಿದ್ದರು, ಹೀಗಾಗಿ ಕೊಟ್ಟರು. ಆಮೇಲೆ ಅವರು ಜಾಣರಾದರು. ಹೊತ್ತಿಗೆ ಮುಂಚೆ ಬಿಡುವ ಬದಲು, ಮಾಫಿಯನ್ನೇ ಕಾರ್ಯಕ್ರಮದೊಳಗೆ ಸೇರಿಸಿದರು! ಮೈಕಿನಲ್ಲಿ ಕೂಗುವುದು: "ಈಗ ಮಾಫಿ ಕೇಳುವ ಕಾರ್ಯಕ್ರಮ." ಬಂದವರಿಗೆ ಅದೊಂದು ನೋಡುವ ಸಂಗತಿಯಾಯಿತು. ಮುದುಕಿಯಾಗುತ್ತಿದ್ದ ಹೆಂಗಸು ಮಣ್ಣಿಗೆ ಮೂಗು ತಿಕ್ಕುವುದನ್ನು ನೋಡಿ ಚಪ್ಪಾಳೆ ತಟ್ಟಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಅಳುಮೋರೆ ಹಾಕಿದರೆ ವೈನಿ ನಗುತ್ತಿದ್ದರು. "ಮೂಗು ಸವದು ಸವದು ಸಣ್ಣದಾಗೇತಿ ನೋಡು. ವಯಸ್ಸಿನ್ಯಾಗ ಹಿಂಗಿದ್ದಿದ್ರ ಛಲೋ ವರ ಸಿಗತಿದ್ದ." ಪಕ್ಕದಲ್ಲಿದ್ದ ಅವರ ಗಂಡ, "ಸಿಕ್ಕಿದ್ದಕ್ಕ ಏನಾಗೇತಿ?" ಎಂದರೆ, ಅವರನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ" ಎನ್ನುವರು.

ನಗುತ್ತಿದ್ದರು, ನಿಜ. ಆದರೆ ಅವರ ಮಾಫಿ ನಾಟಕವಾಗಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಇದೇ. ಪಂಚರು ಆ ಹೆಂಗಸಿನ ಎದೆಯಲ್ಲಿ ನಿಜವಾದ ಹೆದರಿಕೆ ತುಂಬಿದ್ದರು. ಪ್ರತಿ ವರ್ಷ ಗುಡಿಯಿಂದ ಬಂದ ಮೇಲೆ ವೈನಿ ಒಂಬತ್ತು ದಿನ ಒಪ್ಪತ್ತು ಉಣ್ಣುತ್ತಿದ್ದರು. ತಾವು ಮಾಡಿದ್ದು ಪಾಪವೆಂದೇ ಅವರು ನಂಬಿದ್ದರು. ಪಾಪವೆಂದು ತಿಳಿದೂ, ಅದರ ಲೆಕ್ಕ ದೇವರ ಹತ್ತಿರ ಬೆಳೆಯುತ್ತಿದೆಯೆಂದು ತಿಳಿದೂ, ಮುಂದಿನ ವರ್ಷ ಮತ್ತೆ ಕೊಡ ಇಳಿಸುತ್ತಿದ್ದರು. ಒಮ್ಮೆ ಶಾವಿಗೆ ಹೊಸೆಯುತ್ತ ಕೂತಾಗ ಇದ್ದಕ್ಕಿದ್ದಂತೆ ಕೇಳಿದರು:

"ಖರೇನ ದೇವರು ಸಿಟ್ಟಾಗಿದ್ರ ಏನ ಮಾಡಲೇ? ಸತ್ತ ಮ್ಯಾಲ ನನಗೂ ನೀರು ಸಿಗಲಿಲ್ಲ ಅಂದ್ರ?"

"ಹುಚ್ಚ ಹಿಡದದೇನು ವೈನಿ? ದೇವರು ಅಂದ್ರ ಪಂಚಕಮಿಟಿನಾ?"

"ನಿನಗ ಹ್ಯಾಂಗ ಗೊತ್ತು?"

ನನಗೆ ಹೇಗೆ ಗೊತ್ತು? ಶಾಸ್ತ್ರ ಓದಿದವಳಲ್ಲ. ಅವರು ಶಾವಿಗೆಯ ಎಳೆಯನ್ನು ಕೋಲಿನ ಮೇಲೆ ಹರಡಿ ಎದ್ದುಹೋದರು.

ಕಳೆದ ಕಾರ್ತಿಕದಲ್ಲಿ ಜ್ವರ ಬಂದು ಮಲಗಿದರು. ಬಹಳ ದಿನ ನರಳಲಿಲ್ಲ, ಅದೊಂದು ದೇವರ ದಯೆ. ಕೊನೆಯ ದಿನಗಳಲ್ಲಿ ಕೊಡಂಬಲದ ಸೊಸೆಯೇ, ಈಗ ಮೂರು ಮಕ್ಕಳ ತಾಯಿ, ಅವರ ತಲೆದೆಸೆಗೆ ಕೂತಿದ್ದಳು. ಚಮಚದಿಂದ ನೀರು ಹಾಕಿದರೆ ವೈನಿ ನುಂಗಿ, ಕಣ್ಣು ತೆರೆದು, ಅವಳನ್ನು ನೋಡಿ, ಮತ್ತೆ ಮುಚ್ಚುತ್ತಿದ್ದರು. ನನ್ನನ್ನು ಕಂಡರೆ ಆ ಕಣ್ಣಿನಲ್ಲಿ ಶಾವಿಗೆ ಹೊಸೆಯುವಾಗಿನ ಅದೇ ಪ್ರಶ್ನೆ. ಉತ್ತರವಿಲ್ಲದೆಯೇ ಹೋದರು.

ಅವರಿಲ್ಲದ ಮೊದಲ ವೈಶಾಖ ಈ ಸಲ ಬಂತು. ಅದೇ ಬಾವಿ, ಅದೇ ಪೆಂಡಾಲು, ಅದೇ ತಡ. ಮೈಕಿನವನು ರೂಢಿಯ ಮೇಲೆ ಕೂಗಿಬಿಟ್ಟ: "ಈಗ ಮಾಫಿ ಕೇಳುವ ಕಾರ್ಯಕ್ರಮ." ಕೂಗಿ ನಾಲಿಗೆ ಕಚ್ಚಿಕೊಂಡ. ಯಾರೂ ಏಳಲಿಲ್ಲ. ಅಧ್ಯಕ್ಷರು ನಮ್ಮ ಸಾಲಿನ ಕಡೆ ನೋಡಿದರು, ಯಾರಾದರೂ ಒಬ್ಬಳು ಆ ಕೆಲಸ ವಹಿಸಿಕೊಂಡರೆ ಒಳ್ಳೆಯದಿತ್ತು ಎನ್ನುವ ಹಾಗೆ. ನಾವು ನೆಲ ನೋಡಲಿಲ್ಲ, ಅವರನ್ನೇ ನೋಡಿದೆವು.

ಮಡ್ಡಿಯ ನಡುವೆ ಬಂದಾಗ, ಹೇಳದೆ ಕೇಳದೆ, ಕೊಡಂಬಲದ ಸೊಸೆ ತನ್ನ ಕೊಡ ಇಳಿಸಿ ಕಲ್ಲಿನ ಮೇಲೆ ಇಟ್ಟಳು. ನಾನು ನನ್ನದನ್ನು ಇಟ್ಟೆ. ಪಕ್ಕದವಳು ಇಟ್ಟಳು. ಹಿತ್ತಾಳೆ ಕಲ್ಲಿಗೆ ತಾಕುವ ಸದ್ದು ಸಾಲಿನ ಕೊನೆಯವರೆಗೂ ಹೋಯಿತು. ಯಾರ ಪಾಪ ಯಾರದೆಂದು ಯಾರೂ ಹೇಳಬೇಕಾಗಲಿಲ್ಲ. ಎಲ್ಲರೂ ಬಾಯಾರಿಕೆ ತೀರುವಷ್ಟು ಕುಡಿದೆವು, ಮುಖಕ್ಕೆ ತಲೆಗೆ ಹಾಕಿಕೊಂಡೆವು, ಸುಟ್ಟ ಕಾಲಿಗೂ ಒಂದಿಷ್ಟು ಹೊಯ್ದುಕೊಂಡೆವು. ಉಳಿದ ಅರ್ಧರ್ಧ ಕೊಡವನ್ನು ಬಾಯಿಕಟ್ಟಿ ಹೊತ್ತುಕೊಂಡು ಹಾಡುತ್ತ ಗುಡಿ ಮುಟ್ಟಿದೆವು. ಆ ಮಡ್ಡಿಯನ್ನು ಹಾಡುತ್ತ ದಾಟಿ ಎಷ್ಟು ವರ್ಷವಾಗಿತ್ತೋ.

ಬೇವಿನ ನೆರಳಿನಿಂದ ಅಧ್ಯಕ್ಷರು ಎದ್ದು ಬಂದರು. "ಏನಿದು, ಎಲ್ಲಾ ಕೊಡ ಅರ್ಧ?"

"ಹೌದ್ರಿ, ಅರ್ಧ" ಎಂದೆ. ಅಷ್ಟೇ ಅಂದೆ. ನಿಲ್ಲದೆ ಒಳಗೆ ಹೋದೆ. ನನ್ನ ಹಿಂದೆ ಎಲ್ಲರೂ ಬಂದರು. ಅಷ್ಟು ಜನರನ್ನು ಹೊಸ್ತಿಲಲ್ಲಿ ತಡೆಯಲು ಅವರ ಕೈಯಲ್ಲಿ ಆಗಲಿಲ್ಲ, ಲೋಟ ಬೇರೆ ಹಿಡಿದಿದ್ದರು.

ಒಬ್ಬೊಬ್ಬರಾಗಿ ಹೊಯ್ದೆವು. ಈ ವರ್ಷ ದೇವರಿಗೆ ಅರ್ಧ ನೀರೇ ಬಿತ್ತು. ಎಲ್ಲರದೂ ಮುಗಿದ ಮೇಲೆ ನಾನು ಬಾಗಿ ಲಿಂಗದ ಮೇಲೆ ಅಂಗೈ ಇಟ್ಟು ನೋಡಿದೆ. ವೈನಿಗೋಸ್ಕರ ನೋಡಿದೆ.

ತಂಪಾಗಿತ್ತು.